ಚೀಟಿ ತೀರಿತು, ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು

ಈ ತಿಂಗಳು ಚೀಟಿಯ ಕೊನೆ ಕಂತು ಕಟ್ಟಿದೆ. ಇಪ್ಪತ್ತು ಜನರ ಚೀಟಿ, ತಿಂಗಳಿಗೆ ತಲಾ 2,000 ರೂಪಾಯಿ. ತುಮಕೂರಿನ ಶಿರಾ ಗೇಟ್ ಹತ್ತಿರ ನಾವೀಗ ಇರುವ ಮನೆಗೆ ಅಡ್ವಾನ್ಸ್ ಕೊಟ್ಟದ್ದು ಆ ದುಡ್ಡಿನಲ್ಲೇ. ದುಡ್ಡಿನ ಬಾಕಿ ಮುಗಿಯಿತು. ಇನ್ನೊಂದು ಬಾಕಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಪಾವಗಡ ತಾಲ್ಲೂಕು, ತಿರುಮಣಿ ಕಡೆ. ಸೋಲಾರ್ ಪಾರ್ಕ್ ಅಂದರೆ ಎಲ್ಲರಿಗೂ ಗೊತ್ತು, ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್. ಜಮೀನು ಬಿಟ್ಟುಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಣ ಶುರುವಾಯಿತು. ಮಳೆ ನಂಬಲಾಗದ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ, ಪಡೆದವರ ಮೇಲೆ ನನಗೆ ಹೊಟ್ಟೆಕಿಚ್ಚೂ ಇಲ್ಲ. ಆದರೆ ನಮಗೆ ಗುಂಟೆ ಜಮೀನೂ ಇರಲಿಲ್ಲ. ಅಮ್ಮ ಅದೇ ಹೊಲಗಳಿಗೆ ಕಳೆ ತೆಗೆಯೋಕೆ, ಕಡಲೆಕಾಯಿ ಬಿಡಿಸೋಕೆ ಹೋಗುತ್ತಿದ್ದಳು. ಹೊಲದ ತುಂಬ ಪ್ಯಾನೆಲ್ ನಿಂತ ಮೇಲೆ ಕೂಲಿಗೆ ಕರೆಯೋರು ಯಾರು? ಹುಲ್ಲು ಕೊಯ್ಯೋದು, ಪ್ಯಾನೆಲ್ ಒರೆಸೋದು, ಕಾವಲು ಕಾಯೋದು, ಇಷ್ಟಕ್ಕೇ ಊರೂರೇ ಕಾದು ಕೂತಿತ್ತು. ಕೆಲವು ವರ್ಷ ಹೇಗೋ ತಳ್ಳಿ, ನಾನು, ಅಮ್ಮ, ತಮ್ಮ ಮಧುಗಿರಿ, ಕೊರಟಗೆರೆ ದಾಟಿ ತುಮಕೂರಿಗೆ ಬಂದೆವು. ಹೆಸರಿಗೆ ಒಂದೇ ಜಿಲ್ಲೆ. ಮಾತಿನ ನಡುವೆ ನಮಗೆ ತೆಲುಗು ನುಸುಳಿದರೆ ಇಲ್ಲಿಯವರು "ಆಂಧ್ರದವರಾ?" ಅಂತ ಕೇಳುತ್ತಾರೆ.

ಸಹಾಯ ಮಾಡಿದವರಲ್ಲಿ ದುಡ್ಡು ಕೊಟ್ಟವರು ಕಡಿಮೆ, ಏನೂ ಮುಚ್ಚಿಡದೆ ಲೆಕ್ಕ ಹೇಳಿಕೊಟ್ಟವರೇ ಜಾಸ್ತಿ. ಬಡವರಿಗೆ ಹೊಸ ಊರಲ್ಲಿ ಮೋಸವಾಗುವುದೇ ಲೆಕ್ಕದಲ್ಲಿ.

ಮೊದಲು, ನಮ್ಮ ಫ್ಯಾಕ್ಟರಿಯಲ್ಲಿ ಹಾಜರಿ ಲೆಕ್ಕ ಇಡುವ ಟೈಮ್ ಆಫೀಸಿನ ಅಣ್ಣ. ತುಮಕೂರಿನ ಹತ್ತಿರದ ಕೈಗಾರಿಕಾ ಪ್ರದೇಶ ವಸಂತನರಸಾಪುರದಲ್ಲಿ ಕೆಲಸವಿದೆ ಅಂತ ಯಾರನ್ನು ಕೇಳಿದರೂ ಹೇಳುತ್ತಾರೆ. 2014ರಲ್ಲಿ ಅಲ್ಲಿ ಫುಡ್ ಪಾರ್ಕ್ ಶುರುವಾಯಿತು, ಅದರ ಸುತ್ತ ಬೇರೆ ಕಾರ್ಖಾನೆಗಳೂ ಇವೆ. ಆದರೆ ಗೇಟಿನವರೆಗೆ ಹೋಗುವಷ್ಟರಲ್ಲಿ ನಡುವೆ ಒಬ್ಬ ಏಜೆಂಟ್ ನಿಂತಿರುತ್ತಾನೆ. ನಮಗೆ ಸಿಕ್ಕವನು ಮೊದಲ ತಿಂಗಳ ಸಂಬಳ ಪೂರ್ತಿ ತನಗೆ ಅಂದಿದ್ದ. ಟೈಮ್ ಆಫೀಸಿನ ಅಣ್ಣ ನನ್ನ ಪಿಯುಸಿ ಮಾರ್ಕ್ಸ್ ಕಾರ್ಡ್ ನೋಡಿ, "ಅವನಿಗೆ ಯಾಕಮ್ಮ ಕೊಡ್ತೀಯ, ಸೋಮವಾರ ನೇರವಾಗಿ ಬಾ" ಅಂದರು. ಬಂದಾಗ ಒಂದು ಹಾಳೆ ತೆಗೆದುಕೊಂಡು ಬರೆದು ತೋರಿಸಿದರು: ಹೇಳೋ ಸಂಬಳ ಬೇರೆ, ಕೈಗೆ ಬರೋ ಸಂಬಳ ಬೇರೆ. ಮೂಲ ವೇತನ, ಡಿಎ ಮೇಲೆ ಪಿಎಫ್‌ಗೆ ನೂರಕ್ಕೆ 12 ಹೋಗುತ್ತದೆ, ಇಎಸ್‌ಐಗೆ, ಅಂದರೆ ಕಾರ್ಮಿಕರ ಆರೋಗ್ಯ ವಿಮೆಗೆ, ನೂರಕ್ಕೆ ಮುಕ್ಕಾಲು ರೂಪಾಯಿ. "ಹಿಡಿದರೆ ಹಿಡೀಲಿ, ನಿನ್ನದೇ ದುಡ್ಡು. ಆದರೆ ಪಿಎಫ್‌ನ ಯುಎಎನ್ ನಂಬರು, ಇಎಸ್‌ಐ ನಂಬರು ಕೇಳಿ ಇಸ್ಕೋ. ನಂಬರಿಲ್ಲದೆ ಹಿಡಿದರೆ ಅದು ಎಲ್ಲಿಗೆ ಹೋಯ್ತು ಅಂತ ಯಾರಿಗೂ ಗೊತ್ತಾಗಲ್ಲ." ನನ್ನ ದುಡಿಮೆ ಮೇಲೇ ಇರೋ ಅಮ್ಮನಿಗೂ ಇಎಸ್‌ಐ ಚಿಕಿತ್ಸೆ ಸಿಗುತ್ತದೆ ಅನ್ನೋದು ಅವತ್ತೇ ಗೊತ್ತಾದದ್ದು. ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆಗೆ ಊರಲ್ಲಿ ನಾವು ಸಾಲ ಮಾಡುತ್ತಿದ್ದೆವು.

ಮನೆ ಕತೆ ಉದ್ದ. "ಮನೆ ಬಾಡಿಗೆಗಿದೆ" ಅನ್ನೋ ಬೋರ್ಡು ನೋಡಿ ಬಾಗಿಲು ತಟ್ಟಿದರೆ ಬಾಡಿಗೆ ಎಷ್ಟು ಅಂತ ನಾವು ಕೇಳೋ ಮುಂಚೆ "ನೀವು ಯಾವ ಜನ?" ಅಂತ ಅವರು ಕೇಳುತ್ತಿದ್ದರು. ಸ್ವಲ್ಪ ನಾಜೂಕಿನವರಾದರೆ "ಮನೇಲಿ ನಾನ್ ವೆಜ್ ಮಾಡ್ತೀರಾ?" ಅನ್ನುತ್ತಿದ್ದರು. ಗಂಡು ದಿಕ್ಕಿಲ್ಲದ ಸಂಸಾರ ಅಂತ ಗೊತ್ತಾದ ಮೇಲೆ ಕೆಲವರಿಗೆ ಇದ್ದಕ್ಕಿದ್ದಂತೆ ತಮ್ಮ ನೆಂಟರು ಬರೋದು ನೆನಪಾಗುತ್ತಿತ್ತು.

ನಮ್ಮನ್ನು ದಡ ಹತ್ತಿಸಿದ್ದು ತಿಂಡಿ ಅಂಗಡಿಯ ಅಕ್ಕ. ಶಿರಾ ರಸ್ತೆಯಲ್ಲಿ ಬೆಳಗ್ಗೆ ತಟ್ಟೆ ಇಡ್ಲಿ ಹಾಕುತ್ತಾರೆ, ಕಂಪನಿ ಬಸ್ಸು ನಿಲ್ಲೋದೂ ಅಲ್ಲೇ. "ಈಗ ಬೇಡ, ಆಷಾಢದಲ್ಲಿ ಕೇಳು" ಅಂದರು. ಆಷಾಢದಲ್ಲಿ ಹಾಲುಕ್ಕಿಸೋಕೆ ಜನ ಹಿಂದೆ ಮುಂದೆ ನೋಡುತ್ತಾರೆ. ಖಾಲಿಯಾದ ಮನೆ ಖಾಲಿಯೇ ಉಳಿಯುತ್ತದೆ, ಮಾಲೀಕರು ಮಾತಿಗೆ ಬಗ್ಗುತ್ತಾರೆ. ಹಾಗೇ ಆಯಿತು. ಎರಡು ಕೋಣೆಯ ಶೀಟ್ ಮನೆ, 4,500 ಬಾಡಿಗೆ, 30,000 ಅಡ್ವಾನ್ಸ್. ಅಮ್ಮ ಆಷಾಢ ಅಂತ ಸ್ವಲ್ಪ ಗೊಣಗಿದಳು. ಊರಲ್ಲಿ ಒಳ್ಳೆ ತಿಂಗಳಲ್ಲೇ ಎಲ್ಲ ಮಾಡಿದ್ವಲ್ಲ, ಏನಾಯ್ತು ಅಂದೆ. ಸುಮ್ಮನಾದಳು.

ಆ 30,000 ಎಲ್ಲಿಂದ ತರೋದು? ಅಕ್ಕನೇ ನನ್ನನ್ನು ಅವರ ಚೀಟಿಗೆ ಸೇರಿಸಿದರು. ಆ ತಿಂಗಳು ಎತ್ತಬೇಕು ಅಂತಿದ್ದವರು ಅವರೇ, ಅಂಗಡಿಗೆ ಹೊಸ ಗ್ರೈಂಡರ್ ತರೋಕೆ. ನಿನ್ನೆ ಮೊನ್ನೆ ಬಂದವಳಿಗೆ ಚೀಟಿ ಕೊಟ್ಟರೆ ನಾಳೆ ಓಡಿಹೋದರೆ ಅಂತ ಹೆಂಗಸರು ಕೇಳಿದ್ದು ತಪ್ಪೇನಲ್ಲ, ನಾನಿದ್ದರೂ ಕೇಳುತ್ತಿದ್ದೆ. "ಓಡಿದ್ರೆ ನನ್ನ ಇಡ್ಲಿ ಪಾತ್ರೆ ಹೊತ್ಕೊಂಡು ಹೋಗಿ" ಅಂದು ಜಾಮೀನು ನಿಂತರು. ಗ್ರೈಂಡರ್ ಬರೋದು ಎಷ್ಟೋ ತಿಂಗಳು ತಡವಾಯಿತು ಅಕ್ಕ, ನನಗೆ ಗೊತ್ತು.

ಮನೆ ಒಡತಿ ಅಜ್ಜಿಗೆ ನಮ್ಮ ಜನದ ವಿಚಾರ ಬೇಕಿರಲಿಲ್ಲ. ನೀರು ಪೋಲು ಮಾಡಬಾರದು, ರಾತ್ರಿ ಪಾಳಿಯಿಂದ ಬಂದಾಗ ಗೇಟು ಜೋರಾಗಿ ಹಾಕಬಾರದು, ಇಷ್ಟೇ ಕರಾರು. ಹನ್ನೊಂದು ತಿಂಗಳ ಪತ್ರ ಒಂದು ಸಲ ಹೊಸದಾಗಿ ಬರೆಸಿದ್ದೇವೆ, ಅಡ್ವಾನ್ಸ್ ಏರಿಸಲಿಲ್ಲ.

ಮೀಟರ್ ರೀಡಿಂಗಿಗೆ ಬರುವ ಹುಡುಗನಿಗೂ ಒಂದು ನಮಸ್ಕಾರ. ಗೃಹಜ್ಯೋತಿ ಸಿಗುತ್ತಿಲ್ಲ ಅಂದಾಗ, ಹಿಂದೆ ಇದ್ದ ಬಾಡಿಗೆಯವರ ಆಧಾರ್ ಇನ್ನೂ ಈ ಮನೆಯ ಕರೆಂಟ್ ಸಂಪರ್ಕದ ಆರ್‌ಆರ್ ನಂಬರಿಗೇ ಜೋಡಣೆಯಾಗಿದೆ, ಮೊದಲು ಅದನ್ನು ಬಿಡಿಸಬೇಕು ಅಂತ ಹೇಳಿದವನು ಅವನೇ. ತಮ್ಮನಿಗೆ ಸಿದ್ಧಗಂಗಾ ಮಠದ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತು, ಊಟ, ವಸತಿ, ಓದು ಮೂರರ ಚಿಂತೆಯೂ ಅಲ್ಲಿಗೆ ತಪ್ಪಿತು. ಅರ್ಜಿ ಹಾಕಲು ಹೇಳಿದ ಊರಿನ ಮೇಷ್ಟ್ರಿಗೆ ಅಮ್ಮ ಕಡಲೆಕಾಯಿ ಕಳಿಸುತ್ತಾಳೆ, ಈಗ ಅಂಗಡಿಯಲ್ಲಿ ಕೊಂಡು.

ನಮ್ಮ ಕಡೆಯಿಂದ ಬರೋರಿದ್ದರೆ ಶಿರಾ ಗೇಟ್ ಸುತ್ತಮುತ್ತ ಯಾವ ಮನೆ ಖಾಲಿಯಿದೆ, ಯಾರು ಏನು ಕೇಳುತ್ತಾರೆ ಅನ್ನೋದು ಈಗ ನನಗೂ ಗೊತ್ತಿರುತ್ತದೆ. ಪೇ ಸ್ಲಿಪ್ ತನ್ನಿ, ಓದಿ ಹೇಳುತ್ತೇನೆ. ಭಾನುವಾರ ಆದರೆ ಒಳ್ಳೆಯದು, ವಾರದ ದಿನ ನನ್ನ ಪಾಳಿ ಯಾವಾಗ ಬದಲಾಗುತ್ತದೋ ಹೇಳೋಕೆ ಆಗಲ್ಲ.