ನಾನಿಲ್ಲದ ವರ್ಷ ಮನೆ ನಡೆಸಿದವರಿಗೆ

ಊರಿಗೆ ಬಂದಾಗಿನಿಂದ ಸಿಕ್ಕಿದವರೆಲ್ಲ ಕೇಳುವುದು ಒಂದೇ. "ಹೊರದೇಶದಲ್ಲಿ ಒಬ್ಬಳೇ ಹೇಗಿದ್ದೆ ಮಾರಾಯ್ತಿ?" ನಿಜ ಹೇಳಬೇಕೆಂದರೆ ನಾನು ಆರಾಮಾಗೇ ಇದ್ದೆ. ಬೆಚ್ಚಗಿನ ಕೋಣೆ, ಹೊತ್ತಿಗೆ ಸರಿಯಾಗಿ ಬಸ್ಸು, ತಿಂಗಳಾದರೆ ಸಂಬಳ. ಒದ್ದಾಡಿದವರು ಇಲ್ಲಿದ್ದವರು. ಹೊಗಳಿಕೆ ಮಾತ್ರ ನನ್ನ ಪಾಲಿಗೆ ಬರ್ತಾ ಇದೆ. ಅದು ಸರಿಯಲ್ಲ ಅನ್ನಿಸಿ ಬರೆಯುತ್ತಿದ್ದೇನೆ.

2024ರ ಮಾರ್ಚ್‌ನಲ್ಲಿ ಶಿರಸಿ ಮಾರಿಕಾಂಬೆಯ ಜಾತ್ರೆ ಮುಗಿಸಿಕೊಂಡೇ ಹೊರಟೆ. ಕಂಪನಿ ಕೆಲಸ, ನೆದರ್ಲ್ಯಾಂಡ್ಸ್‌ನ ಐಂಡ್‌ಹೋವನ್, ಒಂದು ವರ್ಷದ ಮಾತು. ಮಗಳು ಏಳನೇ ಕ್ಲಾಸು. ಅತ್ತೆಗೆ ಮಂಡಿ ನೋವು. ತೋಟ ಬೇರೆ. ನಮ್ಮನೆಯವರು "ಅಡ್ಡಿಲ್ಲೆ, ಹೋಗ್ಬಾ" ಅಂದರು. ಅವರೊಬ್ಬರಿಂದ ಆಗುವ ಕೆಲಸ ಅಲ್ಲ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮೊದಲು ಪಕ್ಕದ ಮನೆ ಭಾವ. ಮಳೆ ಹಿಡಿಯುವ ಮೊದಲು ಅಡಿಕೆಗೆ ಮದ್ದು ಬೀಳದಿದ್ದರೆ ಆ ವರ್ಷದ ಬೆಳೆಯನ್ನು ಕೊಳೆರೋಗಕ್ಕೆ ಬರೆದುಕೊಟ್ಟ ಹಾಗೇ. ಮರ ಹತ್ತಿ ಮದ್ದು ಹೊಡೆಯುವ ನಮ್ಮ ಕೊನೆಗೌಡರು ಆ ಸಲ ಬೇರೆ ಕಡೆ ಒಪ್ಪಿಕೊಂಡಿದ್ದರು. ಅವರನ್ನು ದೂರುವಂತಿಲ್ಲ. ಮರ ಹತ್ತುವವರು ಊರಿಗೊಬ್ಬರೋ ಇಬ್ಬರೋ ಉಳಿದಿದ್ದಾರೆ, ಮಳೆ ಮಾತ್ರ ಎಲ್ಲರ ತೋಟಕ್ಕೂ ಒಟ್ಟಿಗೇ ಬರುತ್ತದೆ. ಭಾವ ನೆಲದಿಂದಲೇ ಮದ್ದು ಹೊಡೆಯುವ ತಮ್ಮ ಉದ್ದನೆಯ ಫೈಬರ್ ಕೋಲು, ದೋಟಿ, ಹೊತ್ತುಕೊಂಡು ಬಂದು ನಿಂತರು. ಕೊಳೆಗೆ ಹೊಡೆಯುವ ಬೋರ್ಡೋ ಮದ್ದು ಮಾಡುವುದನ್ನೂ ನಮ್ಮನೆಯವರಿಗೆ ಅವರೇ ಕಲಿಸಿದ್ದು. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ. ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಬೇಕು. ಮಗಳು ಅದರ ವಿಡಿಯೋ ಕಳಿಸಿದ್ದಳು. ಭಾವ ಡ್ರಮ್ಮಿನೊಳಗೆ ಕತ್ತಿ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿದರು. ಅಲಗಿನ ಮೇಲೆ ತಾಮ್ರದ ಬಣ್ಣ. "ಸುಣ್ಣ ಸಾಲ್ತಿಲ್ಲೆ" ಅಂದರು. ಮತ್ತೊಂದಿಷ್ಟು ಸುಣ್ಣದ ನೀರು, ಮತ್ತೆ ಕತ್ತಿ. ಕಬ್ಬಿಣ ಕಬ್ಬಿಣದ ಹಾಗೇ ಹೊರಗೆ ಬಂದ ಮೇಲೇ ಪಂಪ್ ಚಾಲು ಮಾಡಿದ್ದು. ಆಫೀಸಿನ ಕ್ಯಾಂಟೀನಿನಲ್ಲಿ ಕೂತು ಇದನ್ನು ಪದೇ ಪದೇ ನೋಡಿದೆ. ಆ ಮಳೆಗೆ ಕೊಳೆ ಪೂರ್ತಿ ತಪ್ಪಲಿಲ್ಲ. ಆದರೆ ಅಂಗಳಕ್ಕೆ ಬಂದಷ್ಟು ಅಡಿಕೆ ಭಾವ ಉಳಿಸಿದ್ದು.

ಆಮೇಲೆ ಶಾಲೆ ಮಕ್ಕಳ ರಿಕ್ಷಾ ಅಣ್ಣ. ಮಳೆಗಾಲದಲ್ಲಿ ಒಂದು ಸಂಜೆ ಹಳ್ಳದ ನೀರು ಕಾಲುಸಂಕದ (ನಡೆದು ದಾಟುವ ಸಣ್ಣ ಸೇತುವೆಯ) ಮೇಲೇ ಹರಿಯುತ್ತಿತ್ತು. ಮಕ್ಕಳು ದಾಟ್ತೇವೆ ಅಂತ ಹಟ ಹಿಡಿದರೂ ಅವರು ಬಿಡಲಿಲ್ಲ. ರಿಕ್ಷಾ ತಿರುಗಿಸಿ ತಮ್ಮ ಮನೆಗೇ ಕರೆದುಕೊಂಡು ಹೋದರು. ಅವರ ಹೆಂಡತಿ ಎಲ್ಲರಿಗೂ ಒಣ ಬಟ್ಟೆ ಹುಡುಕಿ, ಗಂಜಿ ಬಡಿಸಿ, ಕೆಂಡದ ಮೇಲೆ ಹಲಸಿನ ಹಪ್ಪಳ ಸುಟ್ಟುಕೊಟ್ಟರಂತೆ. ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಅಣ್ಣ ಕೊಡೆ ಹಿಡಿದು ಸುತ್ತುದಾರಿಯಲ್ಲಿ ನಡೆದು ಮನೆಮನೆಗೆ ಸುದ್ದಿ ಮುಟ್ಟಿಸಿದರು. ನನಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ. ಆ ಹಪ್ಪಳದ ಸುದ್ದಿ ನಮ್ಮನೆಯಲ್ಲಿ ಇನ್ನೂ ನಿಂತಿಲ್ಲ. ನಾನು ಸುಟ್ಟರೆ ಅಷ್ಟು ರುಚಿ ಬರೋದಿಲ್ಲವಂತೆ!

ಅದೇ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ನನ್ನ ತವರು ಅಂಕೋಲಾ. ತಮ್ಮ ಕೆಲಸಕ್ಕೆ ಕುಮಟಾಕ್ಕೆ ಹೋಗುವುದು ಅದೇ ದಾರಿಯಲ್ಲಿ, ಬೆಳಿಗ್ಗೆ ಅದೇ ಹೊತ್ತಿಗೆ. ಎದ್ದು ಫೋನ್ ನೋಡಿದರೆ ಎಲ್ಲ ಕಡೆ ಅದೇ ಚಿತ್ರ. ಅವನಿಗೆ ಫೋನ್ ಹೋಗ್ತಾ ಇಲ್ಲ. ಆಗ ಗೊತ್ತಿಲ್ಲದ ನಂಬರಿನಿಂದ ಒಂದು ವಾಯ್ಸ್ ಮೆಸೇಜ್: "ಅಕ್ಕಾ, ನಿಮ್ಮ ತಮ್ಮ ಇವತ್ತು ಬೇಗ ಬಂದಿದ್ರು. ನನ್ನೆದುರಿಗೇ ಇದ್ದಾರೆ. ಗಾಬರಿ ಮಾಡ್ಕೋಬೇಡಿ." ಅವನ ಜೊತೆ ಕೆಲಸ ಮಾಡುವ ಹುಡುಗಿಯಂತೆ. ತಂಗೀ, ನಿನ್ನನ್ನು ಇನ್ನೂ ಕಣ್ಣಾರೆ ನೋಡಿಲ್ಲ. ಆ ಮೆಸೇಜ್ ಮಾತ್ರ ಫೋನಿನಲ್ಲಿ ಹಾಗೇ ಇದೆ. ಅಂಥ ಸುದ್ದಿ ಬಾರದ ಮನೆಗಳೂ ಅವತ್ತು ಇದ್ದವು. ಅದನ್ನು ನೆನೆದರೆ ಥ್ಯಾಂಕ್ಸ್ ಅನ್ನೋದಕ್ಕೂ ಬಾಯಿ ಬರುವುದಿಲ್ಲ.

ಕೊಯ್ಲಿನ ಹೊತ್ತಿಗೆ ಮೆಟ್ಟುಗತ್ತಿ ಹಿಡಿದು ರಾತ್ರಿ ನಮ್ಮನೆಗೆ ಅಡಿಕೆ ಸುಲಿಯಲು ಬಂದ ಅತ್ತಿಗೆಯರೇ, ನಿಮಗೂ. ನೀವು ಸುಲಿದಿದ್ದಕ್ಕಿಂತ ಅತ್ತೆಯನ್ನು ನಗಿಸಿದ್ದೇ ಜಾಸ್ತಿ. "ಮಗಳನ್ನು ಬಿಟ್ಟು ಹೋದ್ಲಲ್ಲ" ಅಂತ ಆಡಿಕೊಂಡಿದ್ದೂ ಗೊತ್ತು, ಅತ್ತೆಯೇ ಹೇಳಿದ್ದಾರೆ. ಭಟ್ಕಳ, ಹೊನ್ನಾವರದ ಕಡೆಯಿಂದ ಎಷ್ಟು ಜನ ಗಂಡಸರು ಗಲ್ಫಿಗೆ ಹೋಗಿ ಕೂತಿಲ್ಲ? ಅವರನ್ನು ಯಾರೂ ಹೀಗೆ ಕೇಳಿದ್ದನ್ನು ನಾನಂತೂ ಕಂಡಿಲ್ಲ. ಹೋಗಲಿ ಬಿಡಿ. ಮುಂದಿನ ಸಲ ನನ್ನೆದುರಿಗೇ ಮಾತಾಡಿ, ನಾನೂ ಒಂದು ಮೆಟ್ಟುಗತ್ತಿ ಇಟ್ಟುಕೊಂಡು ಕೂತ್ಕೊಳ್ತೇನೆ.

ಅತ್ತೆಗೆ ಬೇರೆಯೇ ಹೇಳಬೇಕು. ರಾತ್ರಿ ಊಟಕ್ಕೆ ಮೊದಲು ನನ್ನ ಜೊತೆ ಮಾತಾಡದೆ ಅವರು ಕೂತದ್ದಿಲ್ಲ. ಅಕ್ಟೋಬರ್ ಕೊನೆಗೆ ಅಲ್ಲಿ ಗಡಿಯಾರವನ್ನೇ ಒಂದು ತಾಸು ಹಿಂದೆ ತಿರುಗಿಸುತ್ತಾರೆ. ಮೂರೂವರೆ ತಾಸಿನ ವ್ಯತ್ಯಾಸ ನಾಲ್ಕೂವರೆ ಆಗಿ, ಅವರ ಫೋನ್ ಬರುವ ಹೊತ್ತಿಗೆ ನಾನು ಮೀಟಿಂಗಿನಲ್ಲಿ. "ಗಡಿಯಾರ ಹಿಂದೆ ಇಟ್ರೆ ಹೊತ್ತು ನಿಲ್ತಾ?" ಅಂತ ಬೈದು, ಊಟವನ್ನೇ ಮುಂದೆ ಹಾಕಿದರು.

ಐಂಡ್‌ಹೋವನ್‌ನ ಪಕ್ಕದ ಮನೆ ಅಜ್ಜಿಗೆ ಇದನ್ನು ಓದಲು ಬರುವುದಿಲ್ಲ, ಆದರೂ ಬರೆದಿಡುತ್ತೇನೆ. ಡಿಸೆಂಬರ್‌ನಲ್ಲಿ ಅಲ್ಲಿ ಬೆಳಿಗ್ಗೆ ಎಂಟೂವರೆ ಆದರೂ ಸೂರ್ಯ ಇಲ್ಲ. ಲೈಟ್ ಇಲ್ಲದೆ ಸೈಕಲ್ ಹೊಡೆದರೆ ಪೊಲೀಸರು ದಂಡ ಹಾಕುತ್ತಾರೆ. ನನ್ನ ಸೈಕಲ್ಲಿಗೆ ಲೈಟ್ ಇಲ್ಲದ್ದನ್ನು ನೋಡಿ, ಕೇಳದೆಯೇ ಹಿಂದೆ ಮುಂದೆ ಎರಡೂ ಕಟ್ಟಿಕೊಟ್ಟರು. ಕಾಗದದಷ್ಟು ತೆಳ್ಳಗಿನ ನಮ್ಮ ಸಿಹಿ ತಿಂಡಿ ತೊಡದೇವು ಕೊಟ್ಟರೆ ಕಾಗದ ಅಂದುಕೊಂಡು ಬಿಡಿಸಲು ಹೋದರು, ಪಾಪ.

ಮತ್ತೆ ಮದ್ದು ಹೊಡೆಯುವ ಕಾಲ ಬಂತು. ಭಾವಾ, ಈ ಸಲ ನಿಮ್ಮ ತೋಟಕ್ಕೆ ನಾವಿಬ್ಬರೂ ಬರುತ್ತೇವೆ, ರಜೆ ಹಾಕಿಟ್ಟಿದ್ದೇನೆ. ಡ್ರಮ್ ಕಲಕುವುದು ನನಗಿರಲಿ, ಕತ್ತಿ ಅದ್ದಿ ನೋಡುವುದು ನೀವೇ. ಇನ್ನೊಂದು ಮಾತು. ತಂದ ಚಾಕೊಲೇಟ್ ಎಲ್ಲರ ಮನೆಗೂ ಮುಟ್ಟಿಲ್ಲ ಅಂತ ಸುದ್ದಿ ಬಂದಿದೆ. ಹಂಚುತ್ತೇನೆ ಅಂತ ಚೀಲ ಹೊತ್ತುಕೊಂಡು ಹೋದವಳು ನಮ್ಮ ಮಗಳು. ಲೆಕ್ಕ ಅವಳನ್ನೇ ಕೇಳಿ.