ಅವರು ನಿಮಗೆ ಏನಾಗಬೇಕು?

ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಎದುರು ಮನೆಯ ಅಮ್ಮನವರು ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ ಕೇಳಿದರು, "ಕರ್ನಲ್ ಸಾಹೇಬ್ರೇ, ಆ ಸರ್ದಾರ್ಜಿ ನಿಮಗೆ ಏನಾಗಬೇಕು?"

ಕೇಳಿದ್ದರಲ್ಲಿ ತಪ್ಪೇನಿಲ್ಲ. ಹದಿನೈದು ದಿನದಿಂದ ನಮ್ಮ ಮನೆಗೆ ಹಾಲು ತರುತ್ತಿದ್ದವನು ಅವನೇ. ಗಿಡಕ್ಕೆ ನೀರು ಹಾಕುತ್ತಿದ್ದವನು, ಆಸ್ಪತ್ರೆಗೆ ಕಾರು ಓಡಿಸುತ್ತಿದ್ದವನು ಕೂಡ ಅವನೇ. "ಕೋರ್ಸ್‌ಮೇಟ್" ಅಂದೆ. "ಅಂದ್ರೆ ನೆಂಟರಾ?" ಅಂದರು. ನಿಂತು ವಿವರಿಸುವ ಮನಸ್ಥಿತಿ ಆವತ್ತು ನನಗಿರಲಿಲ್ಲ. ಇವತ್ತು ಇದೆ.

ಕಳೆದ ಫೆಬ್ರವರಿಯಲ್ಲಿ ನನ್ನ ಹೆಂಡತಿಗೆ ಸ್ತನ ಕ್ಯಾನ್ಸರ್ ಇದೆ ಅಂತ ಗೊತ್ತಾಯಿತು. ಮೊದಲು ಆಪರೇಷನ್. ಆಮೇಲೆ 21 ದಿನಕ್ಕೊಮ್ಮೆಯಂತೆ ಆರು ಕೀಮೋ. ಕೊನೆಗೆ ರೇಡಿಯೇಷನ್. ಆಗಸ್ಟ್ ಕೊನೆಗೆ ಎಲ್ಲ ಮುಗಿಯಿತು. ಮೊನ್ನೆ ತಪಾಸಣೆ ಮಾಡಿದ ಡಾಕ್ಟರು "ಎಲ್ಲ ಚೆನ್ನಾಗಿದೆ, ಇನ್ನು ಮೂರು ತಿಂಗಳು ಬಿಟ್ಟು ಬನ್ನಿ" ಅಂದರು. ಮನೆಗೆ ಬಂದವನು ನೇರ ಇದನ್ನು ಬರೆಯಲು ಕೂತಿದ್ದೇನೆ.

ನಾನು ಪಾಂಡವಪುರ ತಾಲ್ಲೂಕಿನ ಹಳ್ಳಿಯವನು. ನಾಲೆ ನೀರಿನ ಗದ್ದೆ, ಕಬ್ಬು, ಆಲೆಮನೆ, ಇದು ನಾನು ಬೆಳೆದ ಜಾಗ. ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿ, 1977ರ ಜನವರಿಯಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ (ಎನ್‌ಡಿಎ) ಸೇರಿದೆ. ಭೂಸೇನೆ, ನೌಕಾಪಡೆ, ವಾಯುಪಡೆ ಮೂರಕ್ಕೂ ಹೋಗುವ ಹುಡುಗರು ಅಲ್ಲಿ ಮೂರು ವರ್ಷ ಒಟ್ಟಿಗೆ ಇರುತ್ತಾರೆ. ಒಂದೇ ಮೆಸ್ಸಿನ ಊಟ, ಒಂದೇ ಕವಾಯತು, ಒಂದೇ ಶಿಕ್ಷೆ. ಹೀಗೆ ಒಂದೇ ತಂಡದಲ್ಲಿ ಸೇರಿ ತರಬೇತಿ ಪಡೆದವರೇ ಕೋರ್ಸ್‌ಮೇಟ್‌ಗಳು. ಮಂಡ್ಯ ಎಲ್ಲಿದೆ ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೈಸೂರು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಮೊದಲ ವಾರದಲ್ಲೇ ನನ್ನ ಹೆಸರು 'ಮೈಸೂರ್' ಆಯಿತು. ಇವತ್ತಿಗೂ ಅದೇ ಹೆಸರು. ನನ್ನ ನಿಜವಾದ ಹೆಸರು ಅವರಲ್ಲಿ ಅರ್ಧ ಜನಕ್ಕೆ ನೆನಪಿದೆಯೋ ಇಲ್ಲವೋ.

ತಪ್ಪು ಮಾಡಿದರೆ ಸಿಂಹಗಡಕ್ಕೆ ಓಡಿಸುತ್ತಿದ್ದರು. ಬೆನ್ನಿಗೆ ಭಾರ, ಕೈಯಲ್ಲಿ ರೈಫಲ್, ಮೇಲೆ ಹತ್ತಿ ಇಳಿದು ಹೊತ್ತಿಗೆ ಸರಿಯಾಗಿ ವಾಪಸ್ ಬರಬೇಕು. ಎರಡನೇ ಸಲ ಹೋದಾಗ ನನ್ನ ಕಾಲು ಉಳುಕಿತು. ಲೂಧಿಯಾನದ ಸರ್ದಾರ ನನ್ನ ರೈಫಲನ್ನೂ ತಾನೇ ಹೊತ್ತ. ಎದುರು ಮನೆಯ ಅಮ್ಮನವರು ಕೇಳಿದ್ದು ಇವನ ಬಗ್ಗೆಯೇ.

ಅಲ್ಲಿಂದ ಭೂಸೇನೆಗೆ ಆಯ್ಕೆಯಾದವರು ಒಂದು ವರ್ಷ ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಗೆ ಹೋದೆವು. ನಮ್ಮ ಬೆಟಾಲಿಯನ್ನಿಗೆ ಕಾರ್ಯಪ್ಪನವರ ಹೆಸರು, ಇನ್ನೊಂದಕ್ಕೆ ತಿಮ್ಮಯ್ಯನವರ ಹೆಸರು. ಇಬ್ಬರೂ ಕೊಡಗಿನವರು. ನಮ್ಮ ಜೊತೆ ಇದ್ದ ಗೋಣಿಕೊಪ್ಪದ ಹುಡುಗ ಅದನ್ನು ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದ. ಹೇಳಿಕೊಳ್ಳಬೇಕಾದ್ದೇ ಅಲ್ವಾ?

1980ರ ಡಿಸೆಂಬರಿನಲ್ಲಿ ನಮ್ಮ ಪಾಸಿಂಗ್ ಔಟ್ ಪರೇಡ್. ಕೊನೆಯಲ್ಲಿ ನಿಧಾನ ನಡಿಗೆಯಲ್ಲಿ ಚೆಟ್ವುಡ್ ಕಟ್ಟಡದ ಮೆಟ್ಟಿಲು ಹತ್ತಬೇಕು. ಅಲ್ಲಿ 'ಅಂತಿಮ್ ಪಗ್' ಅನ್ನುವ ಗೆರೆ ಇದೆ. ಅದನ್ನು ದಾಟಿದರೆ ಅಲ್ಲಿಂದಾಚೆಗೆ ನಾವು ಕೆಡೆಟ್‌ಗಳಲ್ಲ, ಅಧಿಕಾರಿಗಳು. ಆಮೇಲೆ ಅಪ್ಪ ಅಮ್ಮ ಬಂದು ಮಗನ ಹೆಗಲ ಮೇಲೆ ನಕ್ಷತ್ರ ಸಿಕ್ಕಿಸುತ್ತಾರೆ. ನಮ್ಮ ಮನೆಯಿಂದ ಯಾರೂ ಬಂದಿರಲಿಲ್ಲ. ಭತ್ತದ ಕೊಯ್ಲು ನಡೀತಿತ್ತು. ಅವ್ವನಿಗೆ ಹುಷಾರಿರಲಿಲ್ಲ. ಅಷ್ಟು ದೂರದ ರೈಲಿಗೆ ದುಡ್ಡೂ ಇರಲಿಲ್ಲ. ನಾನು ಒಂದು ಕಂಬದ ಪಕ್ಕ ನಿಂತಿದ್ದೆ. ಸರ್ದಾರನ ತಾಯಿ ಮಗನಿಗೆ ನಕ್ಷತ್ರ ಹಾಕಿ ಮುಗಿಸಿ, ನನ್ನ ಹತ್ತಿರ ಬಂದು, ಏನೂ ಕೇಳದೆ ನನ್ನ ಬಲ ಹೆಗಲಿಗೆ ಕೈ ಹಾಕಿದರು. ಎಡ ಹೆಗಲಿಗೆ ಅವನ ತಂದೆ ಹಾಕಿದರು. ಆ ತಾಯಿಯ ಕೈ ನಡುಗುತ್ತಿತ್ತು, ಪಿನ್ನು ಎರಡು ಸಲ ಜಾರಿತು. ಇಬ್ಬರೂ ಈಗಿಲ್ಲ. ಆ ತಾಯಿ ಇರುವವರೆಗೂ ಪ್ರತಿ ದೀಪಾವಳಿಗೆ ನನಗೂ ಒಂದು ಸ್ವೆಟರ್ ಹೆಣೆದು ಕಳಿಸುತ್ತಿದ್ದರು.

ಫೆಬ್ರವರಿಗೆ ಬರುತ್ತೇನೆ. ನಾನು ಯಾರಿಗೂ ಹೇಳಿರಲಿಲ್ಲ. ಮಗಳು ಅಮೆರಿಕದಿಂದ ಬಂದು ಆಪರೇಷನ್ ಮುಗಿಸಿಕೊಟ್ಟು, ರಜೆ ಮುಗಿದ ಮೇಲೆ ಅಳುತ್ತಾ ವಾಪಸ್ ಹೋದಳು. ಎಲ್ಲ ನಾನೇ ನೋಡಿಕೊಳ್ಳುತ್ತೇನೆ ಅಂತ ಅವಳಿಗೆ ಧೈರ್ಯ ಹೇಳಿದ್ದೆ. ಫೋನ್ ಎತ್ತುವುದು ಬಿಟ್ಟೆ. ಬೆಳಗಿನ ವಾಕಿಂಗ್ ಬಿಟ್ಟೆ.

ನಮ್ಮಲ್ಲೊಬ್ಬ ಇದ್ದಾನೆ, ಅವನನ್ನು ನಾವೆಲ್ಲ 'ಅಡ್ಜುಟೆಂಟ್' ಅಂತ ಕರೆಯುತ್ತೇವೆ, ಪಲ್ಟನ್ನಿನ ಆಡಳಿತ ನೋಡಿಕೊಳ್ಳುವ ಅಧಿಕಾರಿಯ ಹೆಸರು ಅದು. ದೆಹಲಿಯಲ್ಲಿರುತ್ತಾನೆ. ಅವನ ಹತ್ತಿರ ಒಂದು ದಪ್ಪ ನೋಟ್‌ಬುಕ್ ಇದೆ. ಎಲ್ಲರ ಹುಟ್ಟುಹಬ್ಬ, ಮದುವೆಯ ದಿನ, ಮಕ್ಕಳ ಹೆಸರು, ರಕ್ತದ ಗುಂಪು ಎಲ್ಲ ಅದರಲ್ಲಿ. ಬೆಳಿಗ್ಗೆ ಆರಕ್ಕೆ ಸರಿಯಾಗಿ ಫೋನ್ ಮಾಡುತ್ತಾನೆ. ಏಪ್ರಿಲ್‌ನಲ್ಲಿ ನಮ್ಮ ಮದುವೆಯ ದಿನ ಮಾಡಿದ. ನಾನು ಎತ್ತಲಿಲ್ಲ. ಏಳಕ್ಕೆ ಮಾಡಿದ, ಎತ್ತಲಿಲ್ಲ. ಎಂಟಕ್ಕೆ ನನ್ನ ಹೆಂಡತಿಯ ನಂಬರಿಗೆ ಮಾಡಿದ. ಅವಳು ಎತ್ತಿ ಎಲ್ಲ ಹೇಳಿಬಿಟ್ಟಳು.

ಆವತ್ತು ಮಧ್ಯಾಹ್ನ ಗೋಣಿಕೊಪ್ಪದವನು ನಮ್ಮ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಕಾಫಿಪುಡಿ, ಕಾಳುಮೆಣಸು, ಒಂದು ಡಬ್ಬ ಜೇನುತುಪ್ಪ. "ಲೋ ಮೈಸೂರ್, ಎರಡೂವರೆ ಗಂಟೆ ದಾರಿಯಲ್ಲಿದ್ದೀನಿ ನಾನು. ಒಂದು ಮಾತು ಹೇಳೋಕಾಗ್ಲಿಲ್ವಾ ನಿಂಗೆ?" ಅಂದ. ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ.

ಖರ್ಚಿನ ಕಾಗದಪತ್ರದಲ್ಲೂ ಒಂದು ತೊಡಕಿತ್ತು. ಮದುವೆಯಾದಾಗ ಹೊರಟ ಪಾರ್ಟ್ ಟು ಆರ್ಡರ್‌ನಲ್ಲಿ, ಅಂದರೆ ಮನೆಯವರ ವಿವರ ದಾಖಲಿಸುವ ಸೇನೆಯ ಆದೇಶದಲ್ಲಿ, ಹೆಂಡತಿಯ ಹೆಸರಿನ ಕೊನೆಗೆ 'ಅಮ್ಮ' ಇತ್ತು, ಆಧಾರ್‌ನಲ್ಲಿ ಇರಲಿಲ್ಲ. ಅಷ್ಟು ವರ್ಷ ಅದನ್ನು ಸರಿಪಡಿಸದೆ ಬಿಟ್ಟದ್ದು ನನ್ನ ತಪ್ಪು. ಅಫಿಡವಿಟ್ ಯಾವ ಮಾತಿನಲ್ಲಿ ಇರಬೇಕು, ಯಾವ ಅರ್ಜಿ ಎಲ್ಲಿಗೆ ಹೋಗಬೇಕು ಅಂತ ಒಂದೊಂದನ್ನೂ ಅಡ್ಜುಟೆಂಟ್ ಫೋನಿನಲ್ಲೇ ಬರೆಸಿದ. ನಿವೃತ್ತರಾದವರು ಇದನ್ನು ಓದುತ್ತಿದ್ದರೆ ದಯವಿಟ್ಟು ಇವತ್ತೇ ನಿಮ್ಮ ದಾಖಲೆ ತೆಗೆದು, ಮನೆಯವರ ಹೆಸರು, ಹುಟ್ಟಿದ ದಿನಾಂಕ ಎಲ್ಲ ಕಡೆ ಒಂದೇ ಇದೆಯಾ ನೋಡಿಕೊಳ್ಳಿ. ಕಾಯಿಲೆ ಬಂದಾಗ ಅದಕ್ಕೆ ಓಡಾಡುವುದು ಬಹಳ ಕಷ್ಟ.

ಮೂರನೇ ಕೀಮೋ ಆದಮೇಲೆ ಬಿಳಿ ರಕ್ತಕಣ ಕುಸಿದು ಜೋರು ಜ್ವರ ಬಂತು. ಐದು ದಿನ ಆಸ್ಪತ್ರೆಯಲ್ಲೇ. ಕೊಚ್ಚಿಯಿಂದ ನಮ್ಮ ನೌಕಾಪಡೆಯವನು ಬಂದ. ರಾತ್ರಿ ಪಾಳಿ ತನ್ನದು ಅಂದ. ಕಾರಿಡಾರಿನ ಕುರ್ಚಿಯಲ್ಲಿ ಐದು ರಾತ್ರಿ ಕೂತ, 65 ವರ್ಷದ ಮನುಷ್ಯ. ಬೆಂಗಳೂರಿನ ವಾಯುಪಡೆಯವನು ಪ್ರತಿ ಶನಿವಾರ ರೈಲಿನಲ್ಲಿ ಬಂದು ಹೋಗುತ್ತಿದ್ದ.

ಸರ್ದಾರ ಬಂದಿದ್ದು ಮೇ ಕೊನೆಗೆ. ಬಂದ ದಿನ ಸಂಜೆ ನನ್ನ ವಾಕಿಂಗ್ ಶೂ ಎಲ್ಲಿ ಅಂತ ಕೇಳಿದ. ಮೆಟ್ಟಿಲ ಕೆಳಗೆ ಧೂಳು ಹಿಡಿದು ಬಿದ್ದಿತ್ತು. ಪಕ್ಕದಲ್ಲಿ ನನ್ನ ಹಳೇ ಕರಿ ಚರ್ಮದ ಶೂ ಕೂಡ ಇತ್ತು. ಎರಡನ್ನೂ ಜಗಲಿಗೆ ತಂದು ಕೂತ. ವಾಕಿಂಗ್ ಶೂ ಒರೆಸಿ ಹೊಸ ಲೇಸು ಹಾಕಿದ. ಆಮೇಲೆ ಚರ್ಮದ ಶೂ ಹಿಡಿದ. ಪಾಲಿಶ್ ಡಬ್ಬಿಯ ಮುಚ್ಚಳದಲ್ಲಿ ಸ್ವಲ್ಪ ನೀರು. ಹತ್ತಿಯನ್ನು ಅದರಲ್ಲಿ ಅದ್ದಿ, ಹಿಂಡಿ, ಚೂರೇ ಚೂರು ಪಾಲಿಶ್ ತೆಗೆದುಕೊಂಡು, ಶೂ ತುದಿಯ ಮೇಲೆ ಸಣ್ಣ ಸಣ್ಣ ಸುತ್ತು. ಅಕಾಡೆಮಿಯಲ್ಲಿ ರಾತ್ರಿ ಹನ್ನೊಂದಕ್ಕೆ ಕೂತು ಮಾಡುತ್ತಿದ್ದದ್ದು ಹೀಗೇ. ಮುಕ್ಕಾಲು ಗಂಟೆ ಒಂದು ಮಾತೂ ಆಡಲಿಲ್ಲ. ಜಗಲಿಯ ದೀಪ ಆ ಶೂ ತುದಿಯಲ್ಲಿ ಕಾಣುವ ಹೊತ್ತಿಗೆ ಎದ್ದು, "ನಾಳೆ ಐದೂವರೆಗೆ ಫಾಲ್ ಇನ್" ಅಂದ, ಕವಾಯತಿಗೆ ಸಾಲಾಗಿ ನಿಲ್ಲಲು ಕೊಡುವ ಆಜ್ಞೆ ಅದು. ಮಾರನೇ ದಿನದಿಂದ ಇಬ್ಬರೂ ಕುಕ್ಕರಹಳ್ಳಿ ಕೆರೆ ಸುತ್ತಿದೆವು. ಎರಡು ತಿಂಗಳ ಮೇಲೆ ನಾನು ಬೆಳಗಿನ ಬಿಸಿಲು ನೋಡಿದ್ದು ಆವತ್ತೇ.

ಇನ್ನೊಬ್ಬರ ಬಗ್ಗೆ ಹೇಳಲೇಬೇಕು. 1987ರಲ್ಲಿ ನಮ್ಮ ಸೇನೆ ಶ್ರೀಲಂಕಾಕ್ಕೆ ಹೋದಾಗ ನಮ್ಮ ಕೋರ್ಸಿನ ಒಬ್ಬ ವಾಪಸ್ ಬರಲಿಲ್ಲ. ಅವನ ಹೆಂಡತಿ ಧಾರವಾಡದಲ್ಲಿ ಟೀಚರ್ ಆಗಿದ್ದು ನಿವೃತ್ತರಾದವರು. ಆ ಮನೆಯ ದಿನಗಳೂ ಅಡ್ಜುಟೆಂಟನ ನೋಟ್‌ಬುಕ್‌ನಲ್ಲಿವೆ. ನಮ್ಮಲ್ಲಿ ಯಾರಾದರೊಬ್ಬರು ಪ್ರತಿ ವರ್ಷ ಹೋಗಿ ಬರುತ್ತೇವೆ. ಕೀಮೋ ಆಗಿ ಮೂರನೇ ದಿನ ಮೈಕೈ ನೋವು, ವಾಂತಿ ಜಾಸ್ತಿ ಇರುತ್ತಿತ್ತು. ಸರಿಯಾಗಿ ಆ ದಿನ ಸಂಜೆ ಅತ್ತಿಗೆಯ ಫೋನ್ ಬರುತ್ತಿತ್ತು. ಆರು ಸಲವೂ ತಪ್ಪಲಿಲ್ಲ. ಇಬ್ಬರೂ ಏನು ಮಾತಾಡುತ್ತಿದ್ದರೋ ನನಗೆ ಗೊತ್ತಿಲ್ಲ, ನಾನು ಕೇಳಲೂ ಇಲ್ಲ. ಫೋನ್ ಇಟ್ಟಮೇಲೆ ಅವಳು "ರೀ, ಸ್ವಲ್ಪ ಗಂಜಿ ಕೊಡಿ" ಅನ್ನುತ್ತಿದ್ದಳು. ಅತ್ತಿಗೆ, ಆ ಒಂದು ಮಾತು ಕೇಳಲು ನಾನು ಬಾಗಿಲ ಹಿಂದೆ ಕಾಯುತ್ತಿದ್ದೆ. ನಿಮ್ಮ ಋಣ ತೀರಿಸಲು ನನ್ನಿಂದಾಗುವುದಿಲ್ಲ.

ನೋಡಿಕೊಂಡ ಡಾಕ್ಟರುಗಳಿಗೆ, ನರ್ಸುಗಳಿಗೆ, ಬೆಳಗಿನ ಜಾವಕ್ಕೂ ಬಂದ ಆಟೋದವರಿಗೆ ಕೈ ಮುಗಿಯುತ್ತೇನೆ. ಎದುರು ಮನೆಯ ಅಮ್ಮನವರಿಗೂ. ಪ್ರಶ್ನೆ ಕೇಳಿದ ಮಾರನೇ ದಿನದಿಂದ ಸರ್ದಾರನಿಗೆ ಬೆಳಗಿನ ತಿಂಡಿ ಅವರ ಮನೆಯಿಂದಲೇ ಬರುತ್ತಿತ್ತು. ಅವನು ಬಸ್ಸಾರು, ಮುದ್ದೆ ಕಲಿತದ್ದೂ ಅವರ ಕೈಯಲ್ಲೇ.

ಅಮ್ಮನವರೇ, ನೀವು ಕೇಳಿದ್ದಕ್ಕೆ ನನ್ನ ಹೆಂಡತಿಯೇ ಉತ್ತರ ಕೊಟ್ಟಿದ್ದಾಳೆ. ವಿಜಯದಶಮಿಗೆ ಸರ್ದಾರ ಮತ್ತೆ ಬಂದಿದ್ದ. ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನೋಡಲು ಹೋದಾಗ ಪಕ್ಕದಲ್ಲಿ ಕೂತವರೊಬ್ಬರು ಇದೇ ಪ್ರಶ್ನೆ ಕೇಳಿದರು. "ನಮ್ಮ ಭಾವ" ಅಂದಳು, ಕಣ್ಣು ಪಂಜಿನ ಕಡೆಯಿಂದ ತೆಗೆಯದೆ.

ಡಿಸೆಂಬರಿಗೆ ನಮ್ಮ ಕೋರ್ಸ್ ಗೆರೆ ದಾಟಿ 45 ವರ್ಷ. ಎಲ್ಲರೂ ಡೆಹ್ರಾಡೂನಿನಲ್ಲಿ ಸೇರುತ್ತಿದ್ದೇವೆ. ಡಾಕ್ಟರು ಪ್ರಯಾಣಕ್ಕೆ ಒಪ್ಪಿದ್ದಾರೆ, ನಮ್ಮಿಬ್ಬರ ಟಿಕೆಟ್ ಆಗಿದೆ. ಅವಳು ಬೀರುವಿನಿಂದ ಆ ತಾಯಿ ಹೆಣೆದ ಸ್ವೆಟರ್‌ಗಳನ್ನೆಲ್ಲ ತೆಗೆದು ತಾರಸಿಯಲ್ಲಿ ಬಿಸಿಲಿಗೆ ಹಾಕಿದ್ದಾಳೆ.