ವರ್ಷಾಂತ್ಯದ ಪೆಟ್ಟಿಗೆ ಬದಲಾಗಿದೆ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಶಿರಸಿ
ನವೆಂಬರ್ ಮೊದಲ ವಾರ

ಮಾನ್ಯ ಗ್ರಾಹಕರೇ,

ನಮಸ್ಕಾರ. ಪ್ರತಿ ಡಿಸೆಂಬರಿನಲ್ಲಿ ನೀವು ನಮ್ಮ ಸಂಘದಿಂದ ತರಿಸಿಕೊಳ್ಳುತ್ತಿದ್ದ ದೊಡ್ಡ ಉಡುಗೊರೆ ಪೆಟ್ಟಿಗೆ ಈ ವರ್ಷದಿಂದ ಇರುವುದಿಲ್ಲ. ಅಪ್ಪೆಮಿಡಿ ಎಂಬ ಎಳೆ ಮಾವಿನ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲು ಸಿರಪ್, ಕಾಳುಮೆಣಸು, ಜೇನುತುಪ್ಪ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ತುಂಬುತ್ತಿದ್ದ ಆ ಪೆಟ್ಟಿಗೆಯ ಬದಲು ಮೂರು ಚಿಕ್ಕ ಪೆಟ್ಟಿಗೆಗಳನ್ನು ಮಾಡಿದ್ದೇವೆ. ಮೂರನ್ನೂ ಕಾಕ್‌ಟೇಲ್, ಬಿಯರ್, ವೈನ್ ಇಷ್ಟಪಡುವ ನೆಂಟರಿಷ್ಟರನ್ನು ಮನಸ್ಸಿನಲ್ಲಿಟ್ಟುಕೊಂಡೇ ಜೋಡಿಸಿದ್ದೇವೆ. ಮೂರರಲ್ಲಿಯೂ ಒಂದು ಹನಿ ಮದ್ಯ ಇಲ್ಲ. ಹೀಗೇಕೆ ಎಂಬುದನ್ನು ವಿವರಿಸುವುದಕ್ಕೆ ಈ ಪತ್ರ.

ವರ್ಷದ ಕೊನೆ ಹತ್ತಿರವಾದಂತೆ ನಮ್ಮ ಕಚೇರಿಯ ಫೋನಿಗೆ ಒಂದು ಬಗೆಯ ವಿಚಾರಣೆ ಬರತೊಡಗುತ್ತದೆ. ಬೆಂಗಳೂರಿನ ಭಾವನಿಗೆ, ಪುಣೆಯ ಮೇಲಧಿಕಾರಿಗೆ, ಕೈಗಾದಲ್ಲಿ ಜೊತೆಗೆ ಕೆಲಸ ಮಾಡಿದ ಸ್ನೇಹಿತರಿಗೆ ಏನಾದರೂ ಕಳಿಸಬೇಕು, "ಅವರು ಸಂಜೆ ಸ್ವಲ್ಪ ತೆಗೆದುಕೊಳ್ಳುವವರು, ಅದಕ್ಕೆ ಹೊಂದುವಂಥದ್ದು ಇದೆಯೇ?" ಎಂದು ದನಿ ತಗ್ಗಿಸಿ ಕೇಳುತ್ತಾರೆ. ಕಾರವಾರದ ಕಡೆಯವರು ದನಿ ತಗ್ಗಿಸುವುದಿಲ್ಲ. "ಪೆಟ್ಟಿಗೆಯಲ್ಲಿ ಒಂದು ಫೆನಿ ಬಾಟಲಿಯನ್ನೂ ಇಟ್ಟುಬಿಡಿ" ಎಂದು ನೇರವಾಗಿಯೇ ಹೇಳುತ್ತಾರೆ.

ಕಾನೂನಿನ ಮಾತನ್ನು ಮೊದಲು ಮುಗಿಸುತ್ತೇವೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದವರು ಮದ್ಯ ಮಾರುವಂತಿಲ್ಲ. ಹಪ್ಪಳದ ಜೊತೆಗೆ ಉಚಿತವಾಗಿ ಕೊಟ್ಟದ್ದು ಎಂದರೆ ಯಾವ ಅಧಿಕಾರಿಯೂ ಒಪ್ಪಲಾರರು. ನಾವು ನೆಚ್ಚಿಕೊಂಡಿರುವ ಕೊರಿಯರ್‌ನವರು ಮದ್ಯವನ್ನು ಮುಟ್ಟುವುದೂ ಇಲ್ಲ. ಇನ್ನು ಗೋವಾದ ಗೇರು ಫೆನಿ. 2009ರಲ್ಲಿ ಭೌಗೋಳಿಕ ಸೂಚಕ ಪಡೆದು, 2016ರಲ್ಲಿ ಅಲ್ಲಿನ ಸರ್ಕಾರದಿಂದ ಪಾರಂಪರಿಕ ಪೇಯ ಎನಿಸಿಕೊಂಡ ಗೌರವದ ಸರಕು ಅದು. ಆದರೆ ಪರವಾನಗಿ ಇಲ್ಲದೆ ಗಡಿ ದಾಟಿಸಿದರೆ ಮಾಜಾಳಿ ತನಿಖಾ ಠಾಣೆಯಲ್ಲಿ ಅದೇ ಫೆನಿ ಅಕ್ರಮ ಮದ್ಯವಾಗುತ್ತದೆ. ಅಂಥ ಸುದ್ದಿ ಜಿಲ್ಲೆಯ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಅದರಲ್ಲಿ ನಮ್ಮ ಸಂಘದ ಹೆಸರು ಬರುವುದು ಬೇಡ.

ಆದರೆ ಕಾನೂನು ಅಡ್ಡ ಬರದೇ ಇದ್ದಿದ್ದರೂ ನಾವು ಬಾಟಲಿ ಇಡುತ್ತಿರಲಿಲ್ಲ. ಕುಡಿಯುವ ಹವ್ಯಾಸ ಇರುವವರಿಗೆ ಬಾಟಲಿ ಕೊಡುವಷ್ಟು ಕಷ್ಟದ ಉಡುಗೊರೆ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಯಾವ ವಿಸ್ಕಿ, ಯಾವ ವೈನ್ ಎಂಬುದನ್ನು ಅವರು ವರ್ಷಗಳ ಹಿಂದೆಯೇ ನಿರ್ಧರಿಸಿರುತ್ತಾರೆ. ನೀವು ಕೊಟ್ಟದ್ದು ಅವರ ಮಟ್ಟಕ್ಕಿಂತ ಕೆಳಗಿದ್ದರೆ ಕಪಾಟಿನ ಹಿಂದಿನ ಸಾಲಿಗೆ ಹೋಗುತ್ತದೆ. ಮೇಲಿದ್ದರೆ ನಿಮ್ಮ ಜೇಬು ಖಾಲಿಯಾಗಿರುತ್ತದೆ. ಅವರ ಮನೆಯಲ್ಲಿ ಇಲ್ಲದಿರುವುದು ಮದ್ಯವಲ್ಲ. ಲೋಟದ ಪಕ್ಕದಲ್ಲಿ ಇರಬೇಕಾದದ್ದು, ಲೋಟದೊಳಗೆ ಒಂದೆರಡು ಚಮಚ ಬೀಳಬೇಕಾದದ್ದು ಇರುವುದಿಲ್ಲ. ಅಂಥದ್ದು ನಮ್ಮ ಘಟ್ಟದ ಮೇಲೂ ಕೆಳಗೂ ಧಾರಾಳವಾಗಿದೆ.

ನಿರ್ದೇಶಕರ ಸಭೆಯಲ್ಲಿ ಈ ಮಾತು ಸುಲಭವಾಗಿ ಇತ್ಯರ್ಥವಾಗಲಿಲ್ಲ. "ದೇವರಿಗೆ ನೈವೇದ್ಯವಿಟ್ಟು ಊಟಕ್ಕೆ ಕೂರುವ ಮನೆಗಳಲ್ಲಿ ಹಾಕಿದ ಮಿಡಿಯನ್ನು ಹೆಂಡಕ್ಕೆ ನೆಂಚಿಕೊಳ್ಳಲು ಮಾರುವುದೇ?" ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ಉಪ್ಪಿನಕಾಯಿ ವಿಭಾಗ ನೋಡಿಕೊಳ್ಳುವ ಅಕ್ಕ ಒಬ್ಬರು, "ಮಾರಿದ ಮೇಲೆ ಯಾರು ಯಾವುದರ ಜೊತೆ ತಿಂದರು ಎಂದು ಇಷ್ಟು ವರ್ಷ ನಾವು ಕೇಳಿದ್ದೇವೆಯೇ ಹೆಗಡೇರೇ?" ಎಂದರು. ಕೊನೆಗೆ ಒಂದು ಒಪ್ಪಂದವಾಯಿತು. ಪೆಟ್ಟಿಗೆಯ ಮೇಲೆ ಲೋಟದ ಚಿತ್ರ, ಬಾಟಲಿಯ ಚಿತ್ರ, ಚಿಯರ್ಸ್ ಎಂಬ ಬರಹ ಯಾವುದೂ ಇರಬಾರದು. ಒಳಗಿನ ಸರಕಿನ ರುಚಿಯೇ ಪೆಟ್ಟಿಗೆಯ ಹೆಸರಾಗಬೇಕು. ಹಾಗಾಗಿ ಹುಳಿ ಪೆಟ್ಟಿಗೆ, ಖಾರ ಪೆಟ್ಟಿಗೆ, ಸಿಹಿ ಪೆಟ್ಟಿಗೆ. ಕುಡಿಯದವರ ಮನೆಗೆ ಹೋದರೂ ಒಂದು ಸಾಮಾನೂ ವ್ಯರ್ಥವಾಗುವುದಿಲ್ಲ. ಅತ್ತೆಯವರ ಕೈಗೇ ಕೊಟ್ಟು ಬರಬಹುದು.

ಹುಳಿ ಪೆಟ್ಟಿಗೆ ಕಾಕ್‌ಟೇಲ್ ಬೆರೆಸುವವರಿಗೆ. ನಮ್ಮ ಹೆಚ್ಚಿನ ಶ್ರಮ ಹೋಗಿರುವುದು ಇದರ ಮೇಲೆಯೇ. ಎಷ್ಟೇ ಹೆಸರಿನ ಕಾಕ್‌ಟೇಲ್‌ಗಳಿದ್ದರೂ ಬಹಳಷ್ಟರ ಗುಟ್ಟು ಒಂದೇ: ಮದ್ಯದ ಕಾವು, ಒಂದಿಷ್ಟು ಹುಳಿ, ಒಂದಿಷ್ಟು ಸಿಹಿ, ಮೂರೂ ಹದವಾಗಿ ಕೂಡಬೇಕು. ಪೇಟೆಯವರು ಹುಳಿ ಎಂದರೆ ನಿಂಬೆಯನ್ನೇ ಹಿಡಿದುಕೊಂಡಿದ್ದಾರೆ. ಹುಳಿಯಲ್ಲಿ ಎಷ್ಟು ಬಗೆಯಿದೆ ಎಂಬುದು ಮಾವಿನಕಾಯಿಯ ತಿಳಿಸಾರಾದ ಅಪ್ಪೆಹುಳಿ ಕುಡಿದು ಬೆಳೆದವರಿಗೆ ಗೊತ್ತು.

ಮೊದಲನೆಯದು ಮುರುಗಲು. ಪೇಟೆಯಲ್ಲಿ ಕೋಕಂ ಎಂದು ಸಿಗುವ ಹಣ್ಣೇ ಇದು. ಬೇಸಿಗೆಯಲ್ಲಿ ಹಣ್ಣಾದದ್ದನ್ನು ಒಡೆದು, ಸಿಪ್ಪೆಯ ಒಂದು ಪದರ, ಸಕ್ಕರೆಯ ಒಂದು ಪದರ ಎಂದು ಗಾಜಿನ ಭರಣಿಗಳಲ್ಲಿ ತುಂಬಿ ಬಿಸಿಲಿಗಿಡುತ್ತೇವೆ. ಸಿಪ್ಪೆ ತಾನಾಗಿಯೇ ರಸ ಬಿಡುತ್ತದೆ. ನೀರನ್ನಾಗಲಿ ಬಣ್ಣವನ್ನಾಗಲಿ ಹಾಕುವುದಿಲ್ಲ. ಹಿಂದೆ ದೊಡ್ಡ ಬಾಟಲಿಯಲ್ಲಿ ಕೊಡುತ್ತಿದ್ದುದನ್ನು ಈಗ 200 ಮಿ.ಲೀ. ಬಾಟಲಿಗೆ ಇಳಿಸಿದ್ದೇವೆ. ಮುಚ್ಚಳ ತೆಗೆದು ಬೆಳಕಿನಲ್ಲಿಟ್ಟರೆ ಆ ಕೆಂಪು ಕಂದಾಗತೊಡಗುತ್ತದೆ, ಆದ್ದರಿಂದ ಬೇಗ ಮುಗಿಯುವ ಅಳತೆಯೇ ಒಳ್ಳೆಯದು. 60 ಮಿ.ಲೀ. ಜಿನ್‌ಗೆ 20 ಮಿ.ಲೀ. ಸಿರಪ್ ಹಾಕಿ, ಮೇಲೆ ಸೋಡಾ ತುಂಬಿದರೆ ಸಾಕು. ಒಂದು ಬಾಟಲಿಗೆ ಹತ್ತು ಲೋಟ. ನಿಂಬೆ ಹಿಂಡುವುದಿದ್ದರೆ ನಾಲ್ಕು ಹನಿ ಮಾತ್ರ; ಎರಡು ಹುಳಿಗಳು ಜಗಳವಾಡುತ್ತವೆ. ಫೆನಿ ಮನೆಯಲ್ಲಿರುವವರಿಗೂ ಇದೇ ಅಳತೆ. ಆದರೆ ಅದರ ವಾಸನೆ ಗಟ್ಟಿ, ಆದ್ದರಿಂದ ಸೂಜಿಮೆಣಸನ್ನು ಸೀಳಿ ಒಂದನ್ನು ಲೋಟಕ್ಕೆ ಬಿಟ್ಟುಕೊಳ್ಳಬೇಕು. ಒಣಗಿಸಿದ ಸೂಜಿಮೆಣಸಿನ ಚಿಕ್ಕ ಪೊಟ್ಟಣ ಪೆಟ್ಟಿಗೆಯಲ್ಲಿದೆ. ಬಿಸಿನೀರಿನಲ್ಲಿ ಐದು ನಿಮಿಷ ಬಿಟ್ಟು ಬಳಸಿ.

ಎರಡನೆಯದು, ಸಭೆಯಲ್ಲಿ ಗದ್ದಲ ಎಬ್ಬಿಸಿದ ವಸ್ತು: ಮಸಾಲೆ ಹಾಕದ ಅಪ್ಪೆಮಿಡಿ, ಉಪ್ಪುನೀರಿನ ಸಮೇತ. ಡರ್ಟಿ ಮಾರ್ಟಿನಿ ಎಂಬ ಕಾಕ್‌ಟೇಲಿಗೆ ಆಲಿವ್ ಕಾಯಿ ನೆನೆದ ಉಪ್ಪುನೀರನ್ನು ಬೆರೆಸುತ್ತಾರೆ. ಪಣಜಿಯ ಹೋಟೆಲೊಂದರ ಬಾರಿನಲ್ಲಿ ಕೆಲಸ ಮಾಡುವ, ನಮ್ಮ ಸದಸ್ಯರೊಬ್ಬರ ಮಗ ಆ ಜಾಗಕ್ಕೆ ಮಿಡಿಯ ಉಪ್ಪುನೀರು ಹಾಕಿ ನೋಡಿದ್ದಾನೆ. ಜೀರಿಗೆಯ, ಕರ್ಪೂರದ ಪರಿಮಳವಿರುವ ಮಿಡಿಯ ನೀರಿನ ಮುಂದೆ ಆಲಿವ್ ಏನೂ ಅಲ್ಲ ಎಂಬುದು ಅವನ ತೀರ್ಪು. ಅಮ್ಮ ಹಾಕಿದ ಮಿಡಿಯಾದ್ದರಿಂದ ಸ್ವಲ್ಪ ಪಕ್ಷಪಾತ ಇದ್ದೀತು. 10 ಮಿ.ಲೀ.ಗಿಂತ ಹೆಚ್ಚು ಬೇಡ. ಆಲಿವ್ ಬದಲು ಒಂದು ಮಿಡಿಯನ್ನೇ ಕಡ್ಡಿಗೆ ಚುಚ್ಚಿ ಇಡಬಹುದು. ಉಳಿದ ಮಿಡಿಗಳನ್ನು ಮೊಸರನ್ನಕ್ಕೆ ನೆಂಚಿಕೊಳ್ಳಲು ಯಾರ ಅನುಮತಿಯೂ ಬೇಕಿಲ್ಲ.

ಇವುಗಳ ಜೊತೆಗೆ ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪಿನ ಆಗರಗಳಿಂದ ಬಂದ ಹರಳುಪ್ಪು, ಅಯೋಡಿನ್ ಸೇರಿಸಿದ್ದು. ಲೋಟದ ಅಂಚಿಗೆ ಉಪ್ಪು ಹಚ್ಚುವವರು ಪುಡಿ ಉಪ್ಪನ್ನು ಬಳಸಿದರೆ ಅದು ತಕ್ಷಣ ಕರಗಿ ಲೋಟಕ್ಕಿಳಿಯುತ್ತದೆ. ಹರಳನ್ನು ಲಟ್ಟಣಿಗೆಯಿಂದ ಒಮ್ಮೆ ಮಾತ್ರ ಒತ್ತಿ, ಅರ್ಧ ಅಂಚಿಗೆ ಹಚ್ಚಿ; ಬೇಡವೆನಿಸಿದವರು ಇನ್ನರ್ಧದಿಂದ ಕುಡಿಯಲಿ.

ಹೆಸರು ಹುಳಿಯಾದರೂ ಈ ಪೆಟ್ಟಿಗೆಯಲ್ಲಿ ಜೋನಿಬೆಲ್ಲದ, ಅಂದರೆ ನೀರಾಗಿರುವ ಬೆಲ್ಲದ, ಒಂದು ಚಿಕ್ಕ ಬಾಟಲಿ ಇದೆ. ಹೊಸ ಆಲೆಮನೆಗಳು ಶುರುವಾಗುವುದು ಜನವರಿಯ ಹೊತ್ತಿಗೆ, ಹಾಗಾಗಿ ಈಗ ಬರುವುದು ಹಿಂದಿನ ಹಂಗಾಮಿನದು. ಬಣ್ಣ ಗಾಢವಾಗಿ, ತಳದಲ್ಲಿ ಹರಳು ಕಟ್ಟಿರುತ್ತದೆ, ಕೆಟ್ಟಿದೆ ಎಂದುಕೊಳ್ಳಬೇಡಿ. ಅಷ್ಟೇ ಬಿಸಿನೀರು ಬೆರೆಸಿ ತೆಳುಮಾಡಿ, 60 ಮಿ.ಲೀ. ವಿಸ್ಕಿಗೆ ಒಂದು ಚಮಚ ಹಾಕಿ, ದೊಡ್ಡ ಮಂಜುಗಡ್ಡೆಯ ತುಂಡೊಂದನ್ನು ಬಿಟ್ಟು ಜಾಯಿಕಾಯಿ ತುರಿದರೆ ವಿಸ್ಕಿಯಿಂದ ಮಾಡುವ ಕಾಕ್‌ಟೇಲಾದ ಓಲ್ಡ್ ಫ್ಯಾಷನ್ಡ್‌ನ ನಮ್ಮ ಸೀಮೆಯ ರೂಪ ಸಿದ್ಧ. ಜಾಯಿಕಾಯಿ ನಮ್ಮ ಅಡಿಕೆ ತೋಟಗಳದ್ದೇ. ಪುಡಿ ಮಾಡಿಟ್ಟರೆ ಪರಿಮಳ ಹಾರಿಹೋಗುವುದರಿಂದ ಇಡಿಯಾಗಿಯೇ ಕೊಡುತ್ತೇವೆ. ಆದರೆ ಒಂದು ವಿನಂತಿ. ಬೆಂಗಳೂರಿನಲ್ಲಿ ತಯಾರಾಗಿ 2004ರಲ್ಲಿ ಗ್ಲಾಸ್ಗೋದಲ್ಲಿ ಮೊದಲು ಬಿಡುಗಡೆಯಾದ ಅಮೃತ್ ಸಿಂಗಲ್ ಮಾಲ್ಟ್‌ನಂಥ ವಿಸ್ಕಿಗೆ ಬೆಲ್ಲ ಸುರಿಯಬೇಡಿ. ಅದನ್ನು ಅದರಷ್ಟಕ್ಕೆ ಬಿಡಬೇಕು. ಬೆಲ್ಲ ಬೇಕಾಗುವುದು ಸಾಧಾರಣ ವಿಸ್ಕಿಗೆ.

ಖಾರ ಪೆಟ್ಟಿಗೆ ಬಿಯರ್ ಪ್ರಿಯರಿಗೆ. ಇದಕ್ಕೆ ಹೆಚ್ಚು ವಿವರಣೆ ಬೇಡ. ಹಲಸಿನ ಹಪ್ಪಳ, ಮಜ್ಜಿಗೆ ಮೆಣಸು, ಕಾಳುಮೆಣಸು ಹಾಕಿ ಹುರಿದ ಗೋಡಂಬಿ, ಮಸಾಲೆಯ ಅಪ್ಪೆಮಿಡಿ. ಬಿಯರಿನ ಕಹಿಗೆ ಉಪ್ಪು ಹಿತ. ಅದರ ನೊರೆಗುಳ್ಳೆಗಳು ಕರಿದ ಎಣ್ಣೆಯನ್ನು ನಾಲಿಗೆಯಿಂದ ತೊಳೆಯುತ್ತವೆ. ಹಪ್ಪಳ ಹಸಿಯಾಗಿ ಬರುತ್ತದೆ, ಕರಿಯುವುದು ನಿಮ್ಮ ಕೆಲಸ. ಬೇಸರವಾದರೆ ಮೈಕ್ರೋವೇವ್‌ನಲ್ಲಿ ಒಂದು ನಿಮಿಷ ಇಡಬಹುದು, ಆದರೆ ಕರಿದ ಹಪ್ಪಳದ ಸುಖ ಅದರಲ್ಲಿಲ್ಲ. ಕರಿದ ಕೈಯಲ್ಲೇ ಲೋಟದ ಒಳಗನ್ನು ಮುಟ್ಟಬೇಡಿ; ಜಿಡ್ಡು ತಗುಲಿದರೆ ನೊರೆ ನಿಲ್ಲುವುದಿಲ್ಲ. ಬಿಯರ್ ಬಾಟಲಿಯನ್ನು ಕಿಟಕಿಯ ಬಿಸಿಲಿನಲ್ಲೂ ಇಡಬಾರದು. ಬೆಳಕು ತಾಗಿದರೆ ಹಾಪ್ಸ್ ಎಂಬ ಕಹಿಹೂವಿನ ಅಂಶ ಬದಲಾಗಿ ದುರ್ವಾಸನೆ ಬರುತ್ತದೆ. ಕಂದು ಬಾಟಲಿ ಸ್ವಲ್ಪ ತಡೆಯುತ್ತದೆ, ಹಸಿರಿನದು ಅಷ್ಟು ತಡೆಯದು.

ಸಿಹಿ ಪೆಟ್ಟಿಗೆ ವೈನ್ ಕುಡಿಯುವವರಿಗೆ. ಇದರಿಂದ ಉಪ್ಪಿನಕಾಯಿಯನ್ನೂ ಮೆಣಸನ್ನೂ ಬೇಕೆಂದೇ ತೆಗೆದಿದ್ದೇವೆ. ಕೆಂಪು ವೈನಿನ ಒಗರಿಗೆ ಖಾರ ಸೇರಿದರೆ ಗಂಟಲು ಉರಿಯುತ್ತದೆಯೇ ಹೊರತು ರುಚಿ ತಿಳಿಯುವುದಿಲ್ಲ. ತುಸುವೇ ಉಪ್ಪು ಹಾಕಿ ಹುರಿದ ಗೋಡಂಬಿ ಅದಕ್ಕೆ ಸರಿ. ಸುಕೇಳಿ, ಅಂದರೆ ಬಿಸಿಲಲ್ಲಿ ಒಣಗಿಸಿದ ಬಾಳೆಹಣ್ಣು, ಗೋವಾದಲ್ಲಿ ಹೆಚ್ಚು ಮಾರಾಟವಾಗುವ ಸಿಹಿ ಪೋರ್ಟ್ ವೈನಿಗೆ ಮಾತ್ರ. ನಂದಿ ಬೆಟ್ಟದ ಸುತ್ತಲಿನ ದ್ರಾಕ್ಷಿಯಿಂದ ಮಾಡಿದ ಸಿಹಿಯಿಲ್ಲದ ವೈನಿನ ಜೊತೆ ತಿಂದರೆ ವೈನ್ ಹುಳಿಹುಳಿಯಾಗಿ ತೋರುತ್ತದೆ. ತಿನ್ನುವ ಸಿಹಿಗಿಂತ ಕುಡಿಯುವ ಸಿಹಿ ಒಂದು ಕೈ ಮೇಲಿರಬೇಕು. ಕಾಗದದಷ್ಟು ತೆಳ್ಳಗಿನ ಸಿಹಿತಿಂಡಿ ತೊಡೆದೇವನ್ನೂ ಇಡಬೇಕೆಂದಿತ್ತು. ಕೊರಿಯರ್‌ನಲ್ಲಿ ಅದು ಪುಡಿಯಾಗದೆ ತಲುಪುವ ಭರವಸೆ ಇಲ್ಲದ್ದರಿಂದ ಕೈಬಿಟ್ಟೆವು. ಶಿರಸಿಗೆ ಬಂದಾಗ ಅಂಗಡಿಯಲ್ಲೇ ತಿನ್ನಿ.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಎಂದು ಬಾಟಲಿಯ ಮೇಲೆ ಬರೆದಿದ್ದರೆ, ಆ ಕೋಣೆ ಯುರೋಪಿನದು, 16ರಿಂದ 18 ಡಿಗ್ರಿಯದು. ಕಾರವಾರದಲ್ಲಿ ಡಿಸೆಂಬರಿನ ಮಧ್ಯಾಹ್ನವೂ 30 ಡಿಗ್ರಿ ದಾಟುತ್ತದೆ. ಕುಡಿಯುವ ಮೊದಲು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟರೆ ಯಾರೂ ನಗುವುದಿಲ್ಲ.

ನಾವು ಮಾರದ, ಆದರೆ ಪೆಟ್ಟಿಗೆಯ ಜೊತೆ ನೀವೇ ಸೇರಿಸಬಹುದಾದ ಕೆಲವು ವಸ್ತುಗಳನ್ನೂ ಹೇಳಿಬಿಡುತ್ತೇವೆ. 30 ಮತ್ತು 60 ಮಿ.ಲೀ. ಅಳೆಯುವ ಸ್ಟೀಲ್ ಅಳತೆ ಬಟ್ಟಲು ಕಾಕ್‌ಟೇಲ್ ಬೆರೆಸುವವರಿಗೆ ಶೇಕರ್‌ಗಿಂತ ಮೊದಲು ಬೇಕು. ದೊಡ್ಡ ಚೌಕದ ಮಂಜುಗಡ್ಡೆಯ ಅಚ್ಚು ಅಗ್ಗ, ಮತ್ತು ದೊಡ್ಡ ತುಂಡು ನಿಧಾನವಾಗಿ ಕರಗುವುದರಿಂದ ಪಾನೀಯ ಬೇಗ ನೀರಾಗುವುದಿಲ್ಲ. ಬೂಚು ತೆಗೆಯುವ ತಿರುಪನ್ನು ಕೊಡುವ ಮೊದಲು ಅವರ ಮನೆಯ ಬಾಟಲಿಗಳನ್ನು ಒಮ್ಮೆ ನೋಡಿ. ಈಗ ನಮ್ಮ ದೇಶದ ಬಹಳಷ್ಟು ವೈನ್ ತಿರುಗಿಸುವ ಮುಚ್ಚಳದಲ್ಲೇ ಬರುತ್ತದೆ. ಬಾಟಲಿಯನ್ನೇ ಕೊಡುತ್ತೇವೆ ಎನ್ನುವವರು ಅವರ ಊರಿನ ಪರವಾನಗಿ ಇರುವ ಅಂಗಡಿಯಲ್ಲೇ ಕೊಳ್ಳಿ. ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ ಎಂಬುದು ನೆನಪಿರಲಿ.

ಕುಡಿತ ಬಿಡಲು ಪ್ರಯತ್ನಿಸುತ್ತಿರುವವರಿಗೆ ಪೆಟ್ಟಿಗೆ ಕಳಿಸುವುದಿದ್ದರೆ ಫೋನಿನಲ್ಲಿ ಒಂದು ಮಾತು ಹೇಳಿ. ಬಳಸುವ ಕ್ರಮ ಅಚ್ಚಾದ ಚೀಟಿಯನ್ನು ತೆಗೆದು, ಮುರುಗಲು ಪಾನಕದ ಮತ್ತು ಅಪ್ಪೆಹುಳಿಯ ವಿಧಾನವಿರುವ ಚೀಟಿ ಇಡುತ್ತೇವೆ. ಕಾರಣ ಕೇಳುವುದಿಲ್ಲ.

ಬೆಲೆ ಹೀಗಿದೆ. ಹುಳಿ ಪೆಟ್ಟಿಗೆ ₹720, ಖಾರ ಪೆಟ್ಟಿಗೆ ₹540, ಸಿಹಿ ಪೆಟ್ಟಿಗೆ ₹690. ಕೊರಿಯರ್ ವೆಚ್ಚ ಬೇರೆ. ಹಳೆಯ ದೊಡ್ಡ ಪೆಟ್ಟಿಗೆಗೆ ₹1,100 ಇತ್ತು. ಅದರಲ್ಲಿದ್ದ ಜೇನುತುಪ್ಪ ಈ ಮೂರರಲ್ಲೂ ಇಲ್ಲ, ಬೇಕಾದವರಿಗೆ ಬಿಡಿಯಾಗಿ ಸಿಗುತ್ತದೆ. ಮಿಡಿಯೂ ಮುರುಗಲೂ ಬೇಸಿಗೆಯಲ್ಲಿ ಹಾಕಿಟ್ಟಷ್ಟೇ ಇರುವುದರಿಂದ ಹುಳಿ ಪೆಟ್ಟಿಗೆ ಮುಗಿದರೆ ಮತ್ತೆ ಮಾಡಲಾಗುವುದಿಲ್ಲ. ಕ್ರಿಸ್‌ಮಸ್‌ಗೆ ಮೊದಲು ತಲುಪಬೇಕಾದರೆ ಡಿಸೆಂಬರ್ 12ರೊಳಗೆ, ಹೊಸ ವರ್ಷಕ್ಕಾದರೆ 19ರೊಳಗೆ ತಿಳಿಸಿ. ಕಾರವಾರ, ಅಂಕೋಲಾ, ಕುಮಟಾದವರು ಕೊರಿಯರ್‌ಗೆ ಹಣ ಕೊಡಬೇಕಾಗಿಲ್ಲ. ಉಪ್ಪು ತರಲು ಘಟ್ಟ ಇಳಿಯುವ ನಮ್ಮ ವಾಹನದಲ್ಲೇ ಶನಿವಾರಗಳಂದು ಕಳಿಸುತ್ತೇವೆ.

ದೊಡ್ಡ ಪೆಟ್ಟಿಗೆಗೆ ಈಗಾಗಲೇ ಮುಂಗಡ ಕೊಟ್ಟಿರುವವರಿಗೆ ಈ ಒಂದು ವರ್ಷ ಅದನ್ನೇ, ಅದೇ ಬೆಲೆಗೆ ಕಳಿಸುತ್ತೇವೆ. ಬದಲಿಸಿಕೊಳ್ಳುವುದಿದ್ದರೆ ನವೆಂಬರ್ ಮುಗಿಯುವುದರೊಳಗೆ ತಿಳಿಸಿ, ಉಳಿದ ಹಣವನ್ನು ನಿಮ್ಮ ಖಾತೆಗೆ ಮರಳಿಸುತ್ತೇವೆ.

ಇತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ
(ನಿರ್ದೇಶಕ ಮಂಡಳಿಯ ಪರವಾಗಿ)